ರಾತ್ರಿ ನೆನೆಸಿ ಬೆಳಿಗ್ಗೆ ಸುಡುವ ಫ್ರೆಂಚ್ ಟೋಸ್ಟ್ ಕೆಟ್ಟರೆ: ಚಮಚ ಹಾಕಿ ದೋಷ ಹುಡುಕುವುದು

ಟ್ರೇ ಓಟಿಜಿಯಿಂದ (ಮನೆಯ ಸಣ್ಣ ಕರೆಂಟ್ ಓವನ್) ಹೊರಗೆ ಬಂದಿದೆ. ಮೇಲೆ ಕಂದು ಬಣ್ಣ, ತುಪ್ಪದ ಘಮ, ಎಲ್ಲ ಚಂದ. ಬಂದವರು ತಟ್ಟೆ ಹಿಡಿದು ಕೂತಿದ್ದಾರೆ. ಚಾಕು ಹಾಕಿದ ಕೂಡಲೇ ಕೆಳಗಿನಿಂದ ಬಿಳಿ ಹಾಲು ಹರಿದು ಬರುತ್ತದೆ.

ಬೆಳಗಾವಿಯ ತಿಲಕವಾಡಿಯ ನಮ್ಮ ಮನೆಯಲ್ಲಿ ಮೊದಲ ಸಲ ಹೀಗೇ ಆಯಿತು. ನಾದಿನಿ ತಟ್ಟೆ ನೋಡಿ, "ವೈನಿ, ಇದು ಟೋಸ್ಟ್ ಅಲ್ಲ, ಪಾಯಸ ಐತಿ" ಎಂದಳು. ನಾನು ಓಟಿಜಿಗೆ ಬೈದೆ. ಇನ್ನೂ ಇಪ್ಪತ್ತು ನಿಮಿಷ ಒಳಗೆ ಇಟ್ಟೆ. ಮೇಲೆ ಕರಿಯಾಯಿತು, ಒಳಗೆ ಹಾಗೇ ಉಳಿಯಿತು. ಆಮೇಲೆ ಎಷ್ಟೋ ಭಾನುವಾರ ಮಾಡಿ, ಕೆಡಿಸಿ, ಏನು ತಪ್ಪಾಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಆ ಪುಟಗಳನ್ನು ತಿರುವಿದರೆ ಒಂದು ಮಾತು ಸ್ಪಷ್ಟ. ಬೆಳಿಗ್ಗೆ ಕಾಣುವ ದೋಷಗಳಲ್ಲಿ ಜಾಸ್ತಿ ಪಾಲು ಹಿಂದಿನ ರಾತ್ರಿಯೇ ಆಗಿ ಹೋಗಿರುತ್ತವೆ. ಬೈಸಿಕೊಳ್ಳುವುದು ಮಾತ್ರ ಓಟಿಜಿ.

ತವಾ ಮೇಲೆ ಮಾಡುವ ಸಿಹಿ ಬ್ರೆಡ್ ಟೋಸ್ಟ್ ಎಲ್ಲರಿಗೂ ಗೊತ್ತು. ಇದು ಅದರ ದೊಡ್ಡಣ್ಣ. ಬ್ರೆಡ್ಡನ್ನು ಟ್ರೇಯಲ್ಲಿ ಜೋಡಿಸಿ, ಮೊಟ್ಟೆ ಹಾಲು ಸಕ್ಕರೆ ಕಲಸಿ ಸುರಿದು, ರಾತ್ರಿಯೆಲ್ಲ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಒಟ್ಟಿಗೆ ಸುಡುವುದು. ಹತ್ತು ಗಂಟೆಗೆ ನಾಷ್ಟಾ ಮತ್ತು ಊಟ ಎರಡೂ ಸೇರಿಸಿ ಕೂರುವ ದಿನ ಇದು ಬಹಳ ಅನುಕೂಲ, ಯಾರೂ ತವಾ ಮುಂದೆ ನಿಲ್ಲಬೇಕಿಲ್ಲ. ಫ್ರೆಂಚರು ಇದಕ್ಕೆ ಇಟ್ಟ ಹೆಸರಿನ ಅರ್ಥ "ಕಳೆದುಹೋದ ಬ್ರೆಡ್", ಅಂದರೆ ಹಳಸಿ ಒಣಗಿ ಕೆಲಸಕ್ಕೆ ಬಾರದ ಬ್ರೆಡ್. ಈ ಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಾನು ಹಿಡಿದಿರುವ ಅಳತೆ ಇದು. ಎಂಟು ಇಂಚಿನ ಚೌಕ ಟ್ರೇಗೆ 300 ಗ್ರಾಂ ಬ್ರೆಡ್, 400 ಮಿಲಿ ಹಾಲು, ಮೊಟ್ಟೆ 4 (ಸಣ್ಣವಿದ್ದರೆ 5), ಸಕ್ಕರೆ 75 ಗ್ರಾಂ, ಚಿಟಿಕೆ ಉಪ್ಪು, ಏಲಕ್ಕಿ, ತಳಕ್ಕೆ ಎರಡು ಚಮಚ ತುಪ್ಪ. 175 ಡಿಗ್ರಿಯಲ್ಲಿ 45ರಿಂದ 55 ನಿಮಿಷ. ನಿಮ್ಮದು ಇದಕ್ಕಿಂತ ಬೇರೆ ಇರಬಹುದು, ಪರವಾಗಿಲ್ಲ. ದೋಷ ಹುಡುಕುವಾಗ ಹೋಲಿಸಿ ನೋಡಲು ಒಂದು ಗೆರೆ ಬೇಕು, ಅಷ್ಟೇ.

ಮೊದಲು ಚಮಚ, ಆಮೇಲೆ ಬೈಗುಳ

ಕೆಟ್ಟ ಟ್ರೇಯನ್ನು ತಿರುಗಿ ಒಳಗೆ ತಳ್ಳಬೇಡಿ. ಹತ್ತು ನಿಮಿಷ ಹಾಗೇ ಬಿಡಿ. ಈಗಷ್ಟೇ ತೆಗೆದಾಗ ಎಲ್ಲ ಟ್ರೇಗಳೂ ಸ್ವಲ್ಪ ಅಲುಗಾಡುತ್ತವೆ, ಅದು ದೋಷವಲ್ಲ. ಆಮೇಲೆ ಸರಿಯಾಗಿ ಮಧ್ಯದಲ್ಲಿ ಚಮಚವನ್ನು ತಳದವರೆಗೆ ಇಳಿಸಿ, ಒಂದು ಗುಂಡಿ ಮಾಡಿ, ಟ್ರೇಯನ್ನು ಸ್ವಲ್ಪ ಓರೆ ಮಾಡಿ. ಗುಂಡಿಯಲ್ಲಿ ಏನು ಬಂದು ನಿಲ್ಲುತ್ತದೆ ನೋಡಿ.

ಬಿಳಿ ಹಾಲಿನಂಥದ್ದು ಬಂದರೆ ಒಂದು ರೋಗ. ತಿಳಿ ನೀರು ಬಂದರೆ ಬೇರೆ ರೋಗ, ಬಹುತೇಕ ಅದರ ತದ್ವಿರುದ್ಧದ್ದು. ಏನೂ ಹರಿಯದೆ ಅಂಟು ಅಂಟಾಗಿ ಚಮಚಕ್ಕೆ ಹತ್ತಿದರೆ ಮೂರನೆಯದು. ಈ ಮೂರನ್ನೂ ನಾವು "ಹಸಿ ಐತಿ" ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಎಡವಟ್ಟು ಶುರುವಾಗುವುದು ಅಲ್ಲೇ.

ಬಿಳಿ ಹಾಲು ಬಂದರೆ

ಈಗ ಆ ಗುಂಡಿಯ ಪಕ್ಕದ ಬ್ರೆಡ್ ತುಂಡನ್ನು ಮುರಿದು ನೋಡಿ. ಬ್ರೆಡ್‌ನ ನಡುವೆ ಒಣ ಬಿಳಿ ಭಾಗ ಉಳಿದಿದ್ದರೆ ಅದು ಹಾಲು ಕುಡಿದೇ ಇಲ್ಲ ಎಂದು ಅರ್ಥ. ಹಾಲು ರಾತ್ರಿಯಿಡೀ ತಳದಲ್ಲಿ ಕೂತಿತ್ತು, ಬ್ರೆಡ್ ಮೇಲೆ ತೇಲುತ್ತಿತ್ತು. ತುಂಡುಗಳನ್ನು ಒತ್ತೊತ್ತಾಗಿ ತುರುಕಿದಾಗ, ಅಥವಾ ದಪ್ಪ ಅಂಚಿನ ಪಾವ್ ಅನ್ನು ಕತ್ತರಿಸದೆ ಇಡಿಯಾಗಿ ಇಟ್ಟಾಗ ಹೀಗಾಗುತ್ತದೆ. ಮುಂದಿನ ಸಲ ಪಾವ್ ಅನ್ನು ಅಡ್ಡ ಸೀಳಿ, ಸೀಳಿದ ಮುಖ ಕೆಳಗೆ ಬರುವಂತೆ ಇಡಿ. ಸುರಿದ ಮೇಲೆ ಅಂಗೈಯಿಂದ ಮೆತ್ತಗೆ ಒಮ್ಮೆ ಒತ್ತಿ. ಮಲಗುವ ಮುಂಚೆ ಫ್ರಿಜ್ ತೆಗೆದು ಇನ್ನೊಮ್ಮೆ ಒತ್ತಿ. ಈ ಎರಡನೇ ಸಲದ ಒತ್ತುವಿಕೆಯನ್ನು ನಾನು ಎಂದೂ ಬಿಡುವುದಿಲ್ಲ.

ಬ್ರೆಡ್ ಪೂರ್ತಿ ನೆನೆದಿದೆ, ಆದರೂ ಹಾಲು ನಿಂತಿದೆ ಅಂದರೆ ಎರಡೇ ಸಾಧ್ಯತೆ. ಬೆಂದಿಲ್ಲ, ಇಲ್ಲವೇ ಹಾಲಿಗೆ ತಕ್ಕ ಮೊಟ್ಟೆ ಇಲ್ಲ. ಅಡುಗೆ ಥರ್ಮಾಮೀಟರ್ ಇದ್ದರೆ ಮಧ್ಯಕ್ಕೆ ಚುಚ್ಚಿ. 70 ಡಿಗ್ರಿಗಿಂತ ಕಡಿಮೆ ಇದ್ದರೆ ಬೆಂದಿಲ್ಲ, ಫಾಯಿಲ್ ಮುಚ್ಚಿ ಇನ್ನೂ 10 ನಿಮಿಷ ಇಡಿ. ಹಾಲು ಸಕ್ಕರೆ ಸೇರಿದ ಮೊಟ್ಟೆ ಬರೀ ಮೊಟ್ಟೆಗಿಂತ ತಡವಾಗಿ ಗಟ್ಟಿಯಾಗುತ್ತದೆ. ಮಧ್ಯದಲ್ಲಿ 75ರಿಂದ 80 ಬಂದರೆ ಸಾಕು. 80 ದಾಟಿಯೂ ಹಾಲು ಹಾಲಾಗಿಯೇ ಇದ್ದರೆ ಅಳತೆ ತಪ್ಪಿದೆ.

ಅಳತೆ ತಪ್ಪಲು ಒಂದು ಮಾಮೂಲಿ ಕಾರಣ ಇದೆ. ಈ ತಿನಿಸಿನ ವಿಧಾನಗಳು ಹೆಚ್ಚಾಗಿ ಅಮೆರಿಕದವು. ಅವರ ಕಪ್ ಎಂದರೆ ಸುಮಾರು 240 ಮಿಲಿ. ನಮ್ಮ ಮನೆಯ ಚಹಾ ಕಪ್ಪೇ ಬೇರೆ. ಅವರ ದೊಡ್ಡ ಮೊಟ್ಟೆ ಚಿಪ್ಪು ತೆಗೆದ ಮೇಲೂ 50 ಗ್ರಾಂ ಇರುತ್ತದೆ. ನಮ್ಮ ಅಂಗಡಿಯಿಂದ ತಂದ ಟ್ರೇಯಲ್ಲಿ ಚಿಪ್ಪಿನ ಸಮೇತ ತೂಗಿದರೂ ಕೆಲವು 50 ಮುಟ್ಟಲಿಲ್ಲ. ಮೊಟ್ಟೆ ಎಣಿಸಬೇಡಿ, ತೂಗಿ. 400 ಮಿಲಿ ಹಾಲಿಗೆ ಚಿಪ್ಪು ತೆಗೆದ ಮೊಟ್ಟೆ 200 ಗ್ರಾಂ.

ತಿಳಿ ನೀರು ಬಂದರೆ

ಇದು ಹಸಿ ಅಲ್ಲ. ಇದು ಜಾಸ್ತಿ ಬೆಂದದ್ದು. ಮೊಟ್ಟೆ ಹದವಾಗಿ ಬೆಂದಾಗ ಬಲೆಯ ಹಾಗೆ ಹೆಣೆದುಕೊಂಡು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಇನ್ನೂ ಕಾಯಿಸಿದರೆ ಆ ಬಲೆ ಬಿಗಿದುಕೊಂಡು, ಒದ್ದೆ ಬಟ್ಟೆ ಹಿಂಡಿದ ಹಾಗೆ ನೀರನ್ನು ಹೊರಗೆ ಬಿಡುತ್ತದೆ. ಅಂಚಿನಲ್ಲಿ ಸಣ್ಣ ಸಣ್ಣ ತೂತು, ತಿಂದರೆ ಸ್ವಲ್ಪ ರಬ್ಬರ್, ಮೂಗಿಗೆ ಬೇಯಿಸಿದ ಮೊಟ್ಟೆಯ ಗಂಧಕದ ವಾಸನೆ. ಇದನ್ನು ಹಸಿ ಎಂದು ತಿಳಿದು ಮತ್ತೆ ಒಳಗಿಟ್ಟರೆ ಇನ್ನಷ್ಟು ನೀರು ಬರುತ್ತದೆ. ನಾನು ಇದನ್ನು ಎರಡು ಸಲ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಈಗ ಮಾಡುವಂಥದ್ದು ಹೆಚ್ಚಿಲ್ಲ. ನೀರನ್ನು ಬಸಿದು, ಮೇಲೆ ಬಿಸಿ ತುಪ್ಪ ಮತ್ತು ಬೆಲ್ಲದ ಪಾಕ ಸುರಿದು ಬಡಿಸಿ. ಮುಂದಿನ ಸಲ 40 ನಿಮಿಷಕ್ಕೇ ನೋಡಲು ಶುರು ಮಾಡಿ.

ಅಂಟಾಗಿ ಚಮಚಕ್ಕೆ ಹತ್ತಿದರೆ

ಇದೇ ನಮ್ಮ ಕಡೆಯ ನಿಜವಾದ ರೋಗ. ಮೇಲಿನ ಎರಡೂ ಅಪರೂಪ ಎನ್ನುವಷ್ಟು ಇದು ಸಾಮಾನ್ಯ.

ಬೆಳಗಾವಿಯಲ್ಲಿ ಬ್ರೆಡ್‌ಗೆ ಕೊರತೆ ಇಲ್ಲ. ಕ್ಯಾಂಪ್ ಕಡೆ ಹೋದರೆ ಸಂಜೆಗೆ ಬಿಸಿ ಬಿಸಿ ಪಾವ್ ಸಿಗುತ್ತದೆ. ಶನಿವಾರ ಸಂಜೆ ಖುಷಿಯಿಂದ ತರುತ್ತೇವೆ, ರಾತ್ರಿ ನೆನೆಸುತ್ತೇವೆ. ಇಲ್ಲೇ ಕೆಟ್ಟಿತು. ತಾಜಾ ಬ್ರೆಡ್‌ನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಅದಕ್ಕೆ ಹಾಲು ಕುಡಿಯಲು ಜಾಗ ಇಲ್ಲ, ಎದ್ದು ನಿಲ್ಲುವ ಕಸುವೂ ಇಲ್ಲ. ಎಂಟು ತಾಸು ನೆನೆದರೆ ಕರಗಿ ಹಿಟ್ಟಾಗುತ್ತದೆ. ಹಿಟ್ಟಾದದ್ದನ್ನು ಎಷ್ಟು ಸುಟ್ಟರೂ ಅದು ಅಂಟೇ.

ನಾನು ಇದನ್ನು ಅರ್ಥ ಮಾಡಿಕೊಂಡದ್ದು ಅತ್ತೆಯವರ ಒಂದು ಮಾತಿನಿಂದ. ಅವರು ಮಡಿಕೆ ಕಾಳು ನೆನೆ ಹಾಕುತ್ತಾ ನನ್ನ ಟ್ರೇ ಕಡೆ ನೋಡಿ, "ಒಣಾ ಕಾಳು ನೀರು ಕುಡೀತಾವ. ಹಸೀ ಕಾಳು ಏನ್ ಕುಡೀತಾವ ತಂಗಿ?" ಎಂದರು. ಅಲ್ವಾ? ಅಷ್ಟು ದಿನ ಓಟಿಜಿ ರಾಡ್ ಬದಲಿಸುವ ಯೋಚನೆಯಲ್ಲಿದ್ದೆ ನಾನು.

ಹಾಗಾದರೆ ಬ್ರೆಡ್ ಒಣಗಿಸಬೇಕು, ಫ್ರೆಂಚರ ಆ "ಕಳೆದುಹೋದ ಬ್ರೆಡ್" ಹಾಗೆ. ಇಲ್ಲಿ ಇನ್ನೊಂದು ಮೋಸ ಇದೆ. ಬ್ರೆಡ್ಡನ್ನು ಪ್ಲಾಸ್ಟಿಕ್ ಚೀಲದ ಸಮೇತ ಎರಡು ದಿನ ಫ್ರಿಜ್‌ನಲ್ಲಿಟ್ಟರೆ ಗಟ್ಟಿಯಾಗುತ್ತದೆ, ನಾವು ಒಣಗಿತು ಎಂದುಕೊಳ್ಳುತ್ತೇವೆ. ಒಣಗಿಲ್ಲ. ಅದರೊಳಗಿನ ಪಿಷ್ಟ ಬಿಗಿದುಕೊಂಡಿದೆ ಅಷ್ಟೇ, ನೀರು ಒಳಗೇ ಇದೆ. ಗಟ್ಟಿಯಾಗುವುದು ಬೇರೆ, ಒಣಗುವುದು ಬೇರೆ. ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುವುದನ್ನು ನೀವೇ ನೋಡಿರುತ್ತೀರಿ. ಪರೀಕ್ಷೆಗೆ ತಕ್ಕಡಿ ಒಂದೇ ದಾರಿ. 300 ಗ್ರಾಂ ಬ್ರೆಡ್ 260, 270ಕ್ಕೆ ಇಳಿಯಬೇಕು.

ವಿಜಯಪುರದ ಗೆಳತಿಯೊಬ್ಬಳಿಗೆ ಇದನ್ನು ಹೇಳಿದರೆ ಅವಳಿಗೆ ನಗು. ಮಾರ್ಚ್ ತಿಂಗಳಲ್ಲಿ ಅವಳ ಮನೆಯಲ್ಲಿ ತಟ್ಟೆಯ ಮೇಲೆ ಹರಡಿಟ್ಟ ಬ್ರೆಡ್ ಮಧ್ಯಾಹ್ನದೊಳಗೆ ಖಟಿ ಖಟಿ ಆಗುತ್ತದಂತೆ. ಬೆಳಗಾವಿಯಲ್ಲಿ ಜುಲೈ ಆಗಸ್ಟ್‌ನಲ್ಲಿ ಅದೇ ಬ್ರೆಡ್ ಹೊರಗಿಟ್ಟರೆ ಒಣಗುವುದು ಹಾಗಿರಲಿ, ಬೂಸು ಬರುತ್ತದೆ. ಒಗೆದ ಬಟ್ಟೆಯೇ ಮೂರು ದಿನ ಒಣಗದ ಊರು ಇದು. ಆದ್ದರಿಂದ ಮಳೆಗಾಲದಲ್ಲಿ ಓಟಿಜಿಯಲ್ಲೇ ಒಣಗಿಸಿ. ತುಂಡುಗಳನ್ನು ಜಾಳಿಗೆಯ ಮೇಲೆ ಬಿಡಿಬಿಡಿಯಾಗಿ ಹರಡಿ, 120 ಡಿಗ್ರಿಯಲ್ಲಿ 15ರಿಂದ 20 ನಿಮಿಷ, ನಡುವೆ ಒಮ್ಮೆ ತಿರುವಿ ಹಾಕಿ. ಕೆಂಪಗಾಗಬಾರದು. ಪೂರ್ತಿ ತಣ್ಣಗಾದ ಮೇಲೆಯೇ ಹಾಲು ಸುರಿಯಿರಿ. ಅವಸರಕ್ಕೆ ಚಹಾದ ಜೊತೆ ತಿನ್ನುವ ಟೋಸ್ಟ್ ಬಿಸ್ಕಿಟ್ ಹಾಕಿದರೆ ಹೇಗೆ ಎಂದು ಕೇಳುತ್ತೀರಾ? ಹಾಕಿ ನೋಡಿದ್ದೇನೆ. ಅದರಲ್ಲಿ ಮೊದಲೇ ಸಿಹಿ ಇರುತ್ತದೆ, ಹಾಲನ್ನೆಲ್ಲ ಹತ್ತೇ ನಿಮಿಷಕ್ಕೆ ಹೀರಿ ಇಟ್ಟಿಗೆ ಆಗುತ್ತದೆ. ಬೇಡ.

ಒಳಗೆಲ್ಲ ಒಡೆದ ಹಾಲಿನ ಕಾಳು ಕಾಳು

ಚಮಚದಲ್ಲಿ ರವೆಯಂಥ ಕಣ, ಜೊತೆಗೆ ಹಳದಿ ನೀರು. ನೋಡಿದರೆ ಜಾಸ್ತಿ ಬೆಂದದ್ದೇ ಅನಿಸುತ್ತದೆ. ವ್ಯತ್ಯಾಸ ಇಷ್ಟು. ಜಾಸ್ತಿ ಬೆಂದಿದ್ದರೆ ಅಂಚು ಕೆಟ್ಟು ಮಧ್ಯ ಪರವಾಗಿಲ್ಲ ಎನ್ನುವಂತಿರುತ್ತದೆ. ಹಾಲು ಒಡೆದಿದ್ದರೆ ಅಂಚು ಮಧ್ಯ ಎಲ್ಲ ಕಡೆ ಒಂದೇ ಥರ.

ನಮ್ಮ ಮನೆಯಲ್ಲಿ ಕಳ್ಳ ಬೆಲ್ಲ. ವಿಧಾನದಲ್ಲಿ ಕಂದು ಸಕ್ಕರೆ ಎಂದಿತ್ತು. ಮಹಾಲಿಂಗಪುರದ ಒಳ್ಳೆಯ ಬೆಲ್ಲ ಮನೆಯಲ್ಲಿ ಇರುವಾಗ ಅದೇಕೆ ಎಂದು ಬೆಲ್ಲವನ್ನೇ ಕುಟ್ಟಿ ಹಾಲಿಗೆ ಹಾಕಿದೆ. ರಾತ್ರಿ ಏನೂ ಆಗಲಿಲ್ಲ, ತಣ್ಣಗಿನ ಹಾಲಲ್ಲವೇ. ಬೆಳಿಗ್ಗೆ ಬಿಸಿ ಏರಿದಂತೆ ಒಡೆಯಿತು. ಬೆಲ್ಲದ ಹುಳಿ ಮತ್ತು ಖನಿಜ ಬಿಸಿ ಹಾಲನ್ನು ಒಡೆಯುತ್ತವೆ. ಪಾಯಸಕ್ಕೆ ಬೆಲ್ಲ ಹಾಕುವಾಗ ಒಲೆ ಆರಿಸಿ, ಸ್ವಲ್ಪ ತಣಿದ ಮೇಲೆ ಹಾಕುತ್ತೇವಲ್ಲ, ಅದೇ ಲೆಕ್ಕ. ಗೊತ್ತಿದ್ದೂ ಮರೆತಿದ್ದೆ, ಯಾಕೆಂದರೆ ಇದು "ಫ್ರೆಂಚ್" ಆಗಿತ್ತು.

ಬೆಲ್ಲ ಬೇಕೇ ಬೇಕೆಂದರೆ ಅರ್ಧ ಕಪ್ ಬೆಲ್ಲಕ್ಕೆ ತುಸು ನೀರು, ಎರಡು ಚಮಚ ತುಪ್ಪ ಹಾಕಿ ಪಾಕ ಮಾಡಿ, ಬಡಿಸುವಾಗ ಮೇಲೆ ಸುರಿಯಿರಿ. ಹಾಲಿಗೆ ಸಕ್ಕರೆಯೇ ಇರಲಿ. ನಿಂಬೆಗೂ ಇದೇ ಮಾತು. ಇಂಡಿ ನಿಂಬೆಗೆ ಭೌಗೋಳಿಕ ಸೂಚಿಕೆ ಮಾನ್ಯತೆ ಇದೆ, ಘಮವೂ ಜೋರು. ಹಾಗೆಂದು ರಸ ಹಿಂಡಬೇಡಿ. ಹಸಿರು ಸಿಪ್ಪೆಯನ್ನು ಮಾತ್ರ ತೆಳ್ಳಗೆ ತುರಿದು ಹಾಕಿ.

ಓಟಿಜಿಯ ನಿಜವಾದ ತಪ್ಪುಗಳು

ಬ್ರೆಡ್ ಒಣಗಿತ್ತು, ಅಳತೆ ಸರಿ ಇತ್ತು, ಆದರೂ ಮಧ್ಯ ಬೇಯುತ್ತಿಲ್ಲ. ಈಗ ಓಟಿಜಿ ನೋಡೋಣ.

ಮೊದಲು ಡಿಗ್ರಿ. ಅಮೆರಿಕದ ವಿಧಾನದಲ್ಲಿ 350 ಎಂದಿದ್ದರೆ ಅದು ಫ್ಯಾರನ್‌ಹೀಟ್. ನಮ್ಮದರಲ್ಲಿ 175. ನನ್ನ ಓಟಿಜಿಯಲ್ಲಿ 250ಕ್ಕಿಂತ ಮೇಲೆ ಅಂಕಿಯೇ ಇಲ್ಲ. ಪರಿಚಯದವರೊಬ್ಬರು ಇದ್ದಷ್ಟಕ್ಕೆ ತಿರುಗಿಸಿ ಇಟ್ಟಿದ್ದರು. ಏನಾಯಿತು ಎಂದು ಹೇಳಬೇಕಿಲ್ಲ.

ಓಟಿಜಿಯ ತಿರುಗಿಸುವ ಗುಂಡಿಯ ಮೇಲಿನ ಅಂಕಿಯನ್ನೂ ಪೂರ್ತಿ ನಂಬಬೇಡಿ. ಸಕ್ಕರೆ ಸುಮಾರು 186 ಡಿಗ್ರಿಯಲ್ಲಿ ಕರಗುತ್ತದೆ. ಸಣ್ಣ ಅಲ್ಯೂಮಿನಿಯಂ ಬಟ್ಟಲಲ್ಲಿ ಒಂದು ಚಮಚ ಸಕ್ಕರೆ ಇಟ್ಟು 175ಕ್ಕೆ ಹದಿನೈದು ನಿಮಿಷ ಬಿಡಿ. ಕರಗಿದರೆ ನಿಮ್ಮದು ಜಾಸ್ತಿ ಕಾಯುತ್ತಿದೆ. ಇನ್ನೊಂದು ಬಟ್ಟಲನ್ನು 190ಕ್ಕೆ ಇಡಿ. ಅಲ್ಲೂ ಕರಗದಿದ್ದರೆ ಕಡಿಮೆ ಕಾಯುತ್ತಿದೆ.

ಇನ್ನು ವೋಲ್ಟೇಜ್. ಬೆಳಿಗ್ಗೆ ಎಲ್ಲರ ಮನೆಯಲ್ಲಿ ಗೀಸರ್ ಓಡುವ ಹೊತ್ತಿಗೆ ಬಲ್ಬ್ ಮಂಕಾಗುತ್ತದೆಯೇ? ಹಾಗಿದ್ದರೆ ನಿಮ್ಮ ಓಟಿಜಿಯೂ ಮಂಕು. 230 ವೋಲ್ಟ್ ಇರಬೇಕಾದಲ್ಲಿ 190 ಬಂದರೆ ರಾಡಿನ ಶಾಖ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ವೋಲ್ಟೇಜ್ ಸ್ವಲ್ಪ ಇಳಿದರೂ ಶಾಖ ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ಅಂಥ ದಿನ ಓಟಿಜಿಯನ್ನು ಹತ್ತು ನಿಮಿಷ ಮೊದಲೇ ಕಾಯಿಸಿಟ್ಟರೆ ಸಾಲದು, ಇಪ್ಪತ್ತು ಬೇಕು. ಟೈಮರ್ ಟಿಣ್ ಎಂದಿತೆಂದು ತೆಗೆಯಬೇಡಿ, ಚಮಚ ಹಾಕಿಯೇ ತೆಗೆಯಿರಿ.

ಮೇಲೆ ಕರಿ, ಒಳಗೆ ಹಸಿ ಆಗುತ್ತಿದ್ದರೆ ಟ್ರೇ ಮೇಲಿನ ರಾಡ್‌ಗೆ ಹತ್ತಿರ ಇದೆ. ಒಂದು ಹಂತ ಕೆಳಗಿಳಿಸಿ, ಮೊದಲ 30 ನಿಮಿಷ ಫಾಯಿಲ್ ಮುಚ್ಚಿ. ಗಾಜಿನ ಟ್ರೇ ಇದ್ದವರಿಗೆ ಒಂದು ಎಚ್ಚರಿಕೆ. ಫ್ರಿಜ್‌ನಿಂದ ತೆಗೆದದ್ದನ್ನು ನೇರ ಕಾದ ಓಟಿಜಿಗೆ ಇಟ್ಟರೆ ಗಾಜು ಸೀಳಬಹುದು. ಅರ್ಧ ತಾಸು ಹೊರಗಿಡಿ, ಇಲ್ಲವೇ ಸುಮ್ನೆ ಅಲ್ಯೂಮಿನಿಯಂ ಕೇಕ್ ಡಬ್ಬಿ ಬಳಸಿ. ನಾನು ಡಬ್ಬಿಯವಳು.

ಕುಂದಾ ಪ್ರಕರಣ

ನೆಂಟರು ಬರುವಾಗ ಕುಂದಾ ತಂದರು. ಬೆಳಗಾವಿ ಅಂದ ಮೇಲೆ ತರಲೇಬೇಕಲ್ಲ. ನನಗೆ ಬುದ್ಧಿ ಓಡಿತು. ಕಾಲು ಕಿಲೋ ಕುಂದಾವನ್ನು ಉದುರಿಸಿ ರಾತ್ರಿಯೇ ಮೇಲೆ ಹರಡಿದೆ. ಬೆಳಿಗ್ಗೆ ಇಪ್ಪತ್ತೇ ನಿಮಿಷಕ್ಕೆ ಮನೆಯಲ್ಲೆಲ್ಲ ಹೊಗೆ. ಕುಂದಾ ಎಂದರೆ ಹಾಲನ್ನೂ ಸಕ್ಕರೆಯನ್ನೂ ಕಂದು ಬಣ್ಣ ಬರುವವರೆಗೆ ಕಾಯಿಸಿಯೇ ಮಾಡಿದ್ದು. ಒಮ್ಮೆ ಕಂದಾದದ್ದಕ್ಕೆ ಕರಿಯಾಗಲು ಎಷ್ಟು ಹೊತ್ತು ಬೇಕು? ಈಗ ಟ್ರೇ ಹೊರಗೆ ತೆಗೆದ ಮೇಲೆ, ಬಿಸಿ ಇರುವಾಗಲೇ, ಮೇಲೆ ಉದುರಿಸುತ್ತೇನೆ. ತಾನೇ ಮೆತ್ತಗಾಗಿ ಇಳಿಯುತ್ತದೆ. ಗೋಕಾಕ ಕರದಂಟು ಹಾಕಿದರೂ ಹೀಗೆಯೇ ಹಾಕಬೇಕು. ವಿಜಯಪುರದ ಒಣದ್ರಾಕ್ಷಿ ಮೇಲೆ ಬಿದ್ದರೆ ಉಬ್ಬಿ ಸುಟ್ಟು ಕಹಿಯಾಗುತ್ತದೆ. ಬಿಸಿ ನೀರಲ್ಲಿ ಹತ್ತು ನಿಮಿಷ ನೆನೆಸಿ ಬ್ರೆಡ್ ಸಂದಿಯಲ್ಲಿ ತುರುಕಿ.

ಕರುಂ ಕುರುಂ ಎನ್ನಲಿ ಎಂದು ಮೇಲೆ ಉದುರಿಸುವ ಹಿಟ್ಟು ಸಕ್ಕರೆ ಬೆಣ್ಣೆಯ ಪುಡಿ ಮೆತ್ತಗಾಗುತ್ತಿದ್ದರೆ ಅದನ್ನೂ ರಾತ್ರಿ ಹಾಕಿದ್ದೀರಿ. ಬೇರೆ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಹಾಕಿ.

ಬಿಳಿ ಎಳೆ, ದಾಲ್ಚಿನ್ನಿ ಗಂಟು

ಬಿಳಿ ಎಳೆಗಳು ಮೊಟ್ಟೆಯ ಬಿಳಿ ಸರಿಯಾಗಿ ಕಡೆಯದ್ದರಿಂದ. ಚಹಾ ಸೋಸುವ ಜರಡಿಯಲ್ಲಿ ಸೋಸಿ. ಹಾಲು ಕಾಯಿಸಿ ಪೂರ್ತಿ ಆರಿಸಿದ್ದೇ ಇರಬೇಕು, ಬಿಸಿ ಹಾಲು ಸುರಿದರೆ ಬಟ್ಟಲಲ್ಲೇ ಬುರ್ಜಿ ತಯಾರು. ದಾಲ್ಚಿನ್ನಿ ಪುಡಿ ಹಾಲಿನ ಮೇಲೆ ಗಂಟಾಗಿ ತೇಲಿದರೆ ಮೊದಲು ಅದನ್ನು ಸಕ್ಕರೆಯ ಜೊತೆ ಒಣದಾಗಿಯೇ ಕಲಸಿ. ಮೊಟ್ಟೆ ತಿನ್ನದವರಿಗೆ 400 ಮಿಲಿ ಹಾಲಿಗೆ ಮೂರು ಚಮಚ ಕಸ್ಟರ್ಡ್ ಪುಡಿ ಸಾಕು. ಆದರೆ ಹಸಿ ಪುಡಿ ರಾತ್ರಿಯಿಡೀ ತಳಕ್ಕೆ ಇಳಿದು ಗಟ್ಟಿ ಪದರ ಆಗುತ್ತದೆ. ಮೊದಲೇ ಒಲೆಯ ಮೇಲೆ ಕುದಿಸಿ ತೆಳ್ಳಗೆ ಮಾಡಿ, ಆರಿಸಿ ಸುರಿಯಿರಿ.

ರಾತ್ರಿ ಕರೆಂಟ್ ಹೋದರೆ

ಇದು ರುಚಿಯ ದೋಷವಲ್ಲ, ಹೊಟ್ಟೆಯದು. ಹಸಿ ಮೊಟ್ಟೆ ಮತ್ತು ಹಾಲು ಸೇರಿದ್ದು 5 ಡಿಗ್ರಿಗಿಂತ ತಣ್ಣಗಿರಬೇಕು. ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು 4 ತಾಸು ತಣ್ಣಗೆ ಹಿಡಿಯುತ್ತದೆ. ಎಷ್ಟು ಹೊತ್ತು ಹೋಗಿತ್ತೋ ಗೊತ್ತಿಲ್ಲವೆಂದರೆ ಒಂದು ಉಪಾಯ. ಬಟ್ಟಲಲ್ಲಿ ನೀರು ಮಂಜುಗಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರ್‌ನಲ್ಲೇ ಬಿಡಿ. ಬೆಳಿಗ್ಗೆ ನಾಣ್ಯ ತಳ ಸೇರಿದ್ದರೆ ಫ್ರೀಜರ್ ಕೂಡ ಕರಗಿತ್ತು. ಆ ಟ್ರೇಯನ್ನು ಚೆಲ್ಲಿಬಿಡಿ. ನಾಣ್ಯ ಮೇಲೇ ಇದ್ದರೂ ಫ್ರಿಜ್ ತಣ್ಣಗಿತ್ತೆಂದು ಅರ್ಥವಲ್ಲ, ಫ್ರೀಜರ್ ಕರಗುವುದು ತಡವಾಗಿ. ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ, ನನಗೂ ಉರಿದಿದೆ.

ಜನ ಕೂತಾಗಿದೆ, ಈಗ ಏನು

ಬಿಳಿ ಹಾಲಿನ ಟ್ರೇ ಆದರೆ ಚೌಕ ಕತ್ತರಿಸಿ, ತವಾ ಮೇಲೆ ತುಪ್ಪ ಹಾಕಿ, ಸಣ್ಣ ಉರಿಯಲ್ಲಿ ಎರಡೂ ಕಡೆ ಕಾಯಿಸಿ. ಹೊರಗೆ ಗರಿ ಬರುತ್ತದೆ, ಒಳಗೂ ಬೇಯುತ್ತದೆ. ಅಂಟಾದ ಟ್ರೇಯನ್ನು ತವಾ ಉಳಿಸುವುದಿಲ್ಲ, ಕತ್ತರಿಸಲೇ ಬರುವುದಿಲ್ಲ. ಅದಕ್ಕೆ ಅತ್ತೆಯವರು ಒಂದು ಭಾನುವಾರ ಬೇರೆ ದಾರಿ ಹಿಡಿದರು. ನನ್ನ ಕೈಯಿಂದ ಟ್ರೇ ಕಸಿದು, ಬಾಣಲೆಗೆ ತುಪ್ಪ ಬಿಟ್ಟು, ಇಡೀ ಟ್ರೇ ಅದರೊಳಗೆ ತೋಡಿ ಹಾಕಿ, ತಳ ಬಿಡುವ ತನಕ ತಿರುವಿದರು. ಏಲಕ್ಕಿ, ಗೋಡಂಬಿ ಬಿತ್ತು. ನಾದಿನಿಯ ಗಂಡ ಎರಡನೇ ಸಲ ಹಾಕಿಸಿಕೊಂಡು, "ಶಿರಾ ಚಲೋ ಆಗೇತಿ ಅತ್ತಿ" ಎಂದರು. ಅತ್ತೆ ನನ್ನ ಕಡೆ ನೋಡಲೇ ಇಲ್ಲ.